ಹುಡುಗರ ಪುಸ್ತಕ ಯಾವ ಕಪಾಟಿನಲ್ಲಿದೆ?

"ಮೇಡಂ, ಏಳನೇ ಕ್ಲಾಸು ಹುಡುಗ. ಓದೋಕೆ ಏನಾದ್ರೂ ಕೊಡಿ." ಲೈಬ್ರರಿಯ ಮೇಜಿನ ಮುಂದೆ ಅಪ್ಪಂದಿರು ಹೇಳುವುದು ಹೆಚ್ಚಾಗಿ ಇಷ್ಟೇ: ಕ್ಲಾಸು, ಮತ್ತೆ ಗಂಡೋ ಹೆಣ್ಣೋ. ಪಳಗಿದ ಗ್ರಂಥಪಾಲಕಿ ತಕ್ಷಣ ಕಪಾಟಿನತ್ತ ಏಳುವುದಿಲ್ಲ. ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತವನನ್ನೇ ಕೇಳುತ್ತಾರೆ: "ಕೊನೇಸಲ ಪೂರ್ತಿ ಓದಿದ್ದು ಯಾವ ಪುಸ್ತಕ ಪುಟ್ಟಾ?" ಯಾವುದೂ ಇಲ್ಲವೆಂದರೆ, "ಸ್ಕೂಲಿಂದ ಬಂದಮೇಲೆ ಏನ್ ಮಾಡ್ತೀಯ?" ನಾಯಿಮರಿ ಎಂದನೋ, ನಾಯಿಯ ಕಥೆ ಹೊರಬರುತ್ತದೆ. ಕಥೆಯಲ್ಲಿ ಆ ನಾಯಿಯನ್ನು ಸಾಕುವವಳು ಹುಡುಗಿ ಎಂದು ಆಕೆ ಹೇಳುವುದೂ ಇಲ್ಲ.

ತಪ್ಪು ಕಲ್ಪನೆ: ಹುಡುಗಿಯ ಕಥೆಯನ್ನು, ಹೆಂಗಸು ಬರೆದದ್ದನ್ನು ಹುಡುಗರು ಓದುವುದಿಲ್ಲ.

ಸತ್ಯ: ಹೀಗೆ ಅಂಜುವವರು ದೊಡ್ಡವರು. 1997ರಲ್ಲಿ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬರುವಾಗ ಪ್ರಕಾಶಕರು ಇದೇ ಅಂಜಿಕೆಯಿಂದ ಜೋಆನ್ ರೌಲಿಂಗ್ ಅವರಿಗೆ ಹೆಸರಿನ ಬದಲು ಇನಿಶಿಯಲ್‌ಗಳನ್ನು ಹಾಕಿಕೊಳ್ಳಲು ಹೇಳಿದರು. ಅವರಿಗಿದ್ದದ್ದು ಒಂದೇ ಇನಿಶಿಯಲ್. 'ಕೆ' ಅಜ್ಜಿ ಕ್ಯಾಥ್ಲೀನ್ ಅವರಿಂದ ತಂದ ಕಡ. ಬರೆದವರು ಹೆಂಗಸೆಂಬ ಗುಟ್ಟು ರಟ್ಟಾದ ಮೇಲೂ ಹುಡುಗರು ಓದುವುದನ್ನು ಬಿಡಲಿಲ್ಲ. ರೈಲುಬೋಗಿಯ ಶಾಲೆಗೆ ಹೋಗುವ ಹುಡುಗಿಯ ಕಥೆ 'ತೊತ್ತೊ ಚಾನ್' ಕನ್ನಡಕ್ಕೂ ಬಂದಿದೆ. ಅದು ಹುಡುಗಿಯರ ಪುಸ್ತಕ ಎಂದವರನ್ನು ನಾನಂತೂ ಕಂಡಿಲ್ಲ.

ತಪ್ಪು ಕಲ್ಪನೆ: ಪ್ರಾಣಿಕಥೆ ಕೊಟ್ಟರೆ ಗಂಡು–ಹೆಣ್ಣಿನ ಗೊಡವೆಯೇ ಇಲ್ಲ.

ಸತ್ಯ: ಅಮೆರಿಕದಲ್ಲಿ 20ನೇ ಶತಮಾನದುದ್ದಕ್ಕೂ ಬಂದ ಸಾವಿರಾರು ಮಕ್ಕಳ ಪುಸ್ತಕಗಳನ್ನು ಎಣಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಡು ಪ್ರಾಣಿ ನಾಯಕನಾಗಿದ್ದ ಪುಸ್ತಕಗಳು ಶೇ 23ರಷ್ಟು, ಹೆಣ್ಣು ಪ್ರಾಣಿಯವು ಶೇ 7.5. ಕನ್ನಡ ವ್ಯಾಕರಣದಲ್ಲಿ ಮೊಲ 'ಓಡಿತು', ಕರಡಿ 'ಬಂದಿತು'. ಆದರೂ ಕಥೆ ಶುರುಮಾಡಿದರೆ ಸಾಕು, ಕರಡಿಯಣ್ಣ, ನರಿಯಣ್ಣ ತಾವಾಗಿ ಬಾಯಿಗೆ ಬರುತ್ತಾರೆ. ನಮ್ಮ ಮಾನ ಕಾಯುವವರು ಕಾಗಕ್ಕ–ಗುಬ್ಬಕ್ಕ. ಪಾಪ, ಅವರ ಮಾತೂ ಮನೆ, ಮಗುವಿನ ಸ್ನಾನ ದಾಟುವುದಿಲ್ಲ!

ತಪ್ಪು ಕಲ್ಪನೆ: ಗಂಡು–ಹೆಣ್ಣು ನೋಡದೆ ಪುಸ್ತಕ ಕೊಡುವ ಗ್ರಂಥಪಾಲಕರು ಹುಡುಗಿಯ ಕೈಯಿಂದ ರಾಜಕುಮಾರಿ ಕಥೆ ಕಿತ್ತು ರಾಕೆಟ್ ಪುಸ್ತಕ ತುರುಕುತ್ತಾರೆ.

ಸತ್ಯ: ಕೇಳಿದ್ದು ಸಿಕ್ಕೇ ಸಿಗುತ್ತದೆ. ರಾಕೆಟ್ ಬೇಕಾದರೆ ಜೊತೆಗಿರಲಿ. ಪ್ರತಿ ಓದುಗರಿಗೂ ಅವರವರ ಪುಸ್ತಕ ಎಂಬ ಸೂತ್ರವನ್ನು ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟರು. ಅದನ್ನು ವಿವರಿಸುವಾಗ ಹೆಂಗಸರ ಓದಿನ ಹಕ್ಕನ್ನೂ ಎತ್ತಿ ಹಿಡಿದರು.

ಇನ್ನು, "ಇದು ಅಕ್ಕನಿಗೆ" ಎಂದು ನಾಚಿಕೊಂಡೇ ಪುಸ್ತಕ ಒಯ್ಯುವ ಹುಡುಗನೂ ಇರುತ್ತಾನೆ. ರಿಜಿಸ್ಟರಿನಲ್ಲಿ ಅವನ ಹೆಸರೇ ಬರೆದು, "ಅಕ್ಕ ಓದಿದ ಮೇಲೆ ಕಥೆ ಏನಂತ ನೀನೇ ಬಂದು ಹೇಳು" ಅಂದರಾಯಿತು.