ಅಕ್ಕ ತರುತ್ತಿದ್ದ ಚಿಪ್ಸ್

ಹಾಸ್ಟೆಲಿನಿಂದ ಊರಿಗೆ ಹೊರಟಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಪ್ಯಾಕೆಟ್ ಚಿಪ್ಸ್ ಕೊಳ್ಳುವುದು ನನ್ನ ರೂಢಿ. ಬಾಗಿಲಲ್ಲೇ ಕಾಯುವ ತಮ್ಮ ‘ಅಕ್ಕಾ, ಏನ್ ತಂದಿದ್ದೀಯ?’ ಎನ್ನುತ್ತಲೇ ಬ್ಯಾಗಿಗೆ ಕೈ ಹಾಕುತ್ತಾನೆ. ಕಳೆದ ಸಲ ಮಾತ್ರ ಅಮ್ಮ ಆ ಪ್ಯಾಕೆಟ್‌ಗಳನ್ನು ಸುಮ್ಮನೆ ಎತ್ತಿ ಅಟ್ಟಕ್ಕೆ ಸೇರಿಸಿದಳು. ಜ್ವರವೆಂದು ತೋರಿಸಲು ಹೋದಾಗ ಡಾಕ್ಟರು, ಹತ್ತು ವರ್ಷದ ಅವನ ತೂಕ ನೋಡಿ ‘ಎತ್ತರಕ್ಕೆ ತಕ್ಕಂತಿಲ್ಲ, ಈಗಲೇ ಹುಷಾರಾಗಿ’ ಎಂದಿದ್ದರಂತೆ. ಮಗು ದುಂಡಗಿದೆ ಎಂದು ದೃಷ್ಟಿ ತೆಗೆಯುತ್ತಿದ್ದ ಮನೆ ನಮ್ಮದು!

ನಾನು ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಮಧ್ಯಾಹ್ನ ಗಂಟೆ ಹೊಡೆದರೆ ತಟ್ಟೆ ಹಿಡಿದು ಸಾಲು. ಅನ್ನ, ತರಕಾರಿ ಹಾಕಿದ ಬೇಳೆ ಸಾಂಬಾರು. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಲೋಟದ ತುಂಬ ಹಾಲು. ‘ತಮ್ಮನಿಗೆ ಆ ಸಾಲು ಬೇಡ’ ಎಂದು ಹಟ ಹಿಡಿದು ಅವನನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದವಳೂ ನಾನೇ. ಅವನ ಡಬ್ಬಿಯಲ್ಲಿ ನೂಡಲ್ಸ್, ಬಿಸ್ಕೆಟ್. ವ್ಯಾನಿನಿಂದ ಇಳಿದರೆ ಕೈಯಲ್ಲಿ ಮೊಬೈಲ್.

ಎಂಜಿನಿಯರಿಂಗ್ ಓದುವವಳಲ್ಲವೇ, ಅಂದು ರಾತ್ರಿ ಲೆಕ್ಕ ಹಾಕಿದೆ. ಪ್ರಾಥಮಿಕ ತರಗತಿಯ ಮಗುವಿನ ಬಿಸಿಯೂಟಕ್ಕೆ ಸರ್ಕಾರದ ನಿಯಮ ಹೀಗಿದೆ: 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆಲೂ ಚಿಪ್ಸ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬೇ. ಅಂದರೆ 50 ಗ್ರಾಂ ಪ್ಯಾಕೆಟ್ ಒಂದರಲ್ಲೇ ಮೂರು ದಿನದ ಬಿಸಿಯೂಟದ ಎಣ್ಣೆ! ನಾನು ಪ್ರೀತಿಯಿಂದ ತರುತ್ತಿದ್ದುದು ಅದನ್ನೇ.

ನಮ್ಮ ಮನೆಯದಷ್ಟೇ ಕತೆಯಲ್ಲ ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015–16ರಲ್ಲಿ ಶೇ 2.1 ಇದ್ದರು, 2019–21ರಲ್ಲಿ ಶೇ 3.4 ಆದರು. ಅದೇ ಸಮೀಕ್ಷೆಯಲ್ಲಿ ಶೇ 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಸಿವೂ ಬೊಜ್ಜೂ ಒಟ್ಟೊಟ್ಟಿಗೇ ಇವೆ.

ನಾನು ಕೀಳೆಂದುಕೊಂಡಿದ್ದ ಊಟದ ಫಲವೇನು? ಶಾಲೆಯಲ್ಲಿ ಬಿಸಿಯೂಟ ಉಂಡು ಬೆಳೆದ ಹುಡುಗಿಯರು ಮುಂದೆ ತಾಯಂದಿರಾದಾಗ, ಅವರ ಮಕ್ಕಳ ಎತ್ತರದ ಬೆಳವಣಿಗೆಯೂ ಉತ್ತಮವಾಗಿತ್ತು ಎಂದು 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಓದುತ್ತಾ, ಸೌಟು ಹಿಡಿದು ‘ಇನ್ನೊಂಚೂರು ಹಾಕ್ಲಾ ಮಗಾ?’ ಎನ್ನುತ್ತಿದ್ದ ನಮ್ಮ ಶಾಲೆಯ ಅಡುಗೆಯಮ್ಮ ನೆನಪಾದರು.

ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂಬ ನಿಯಮ 2020ರಲ್ಲೇ ಬಂದಿದೆ. ಆದರೆ ಅಕ್ಕನ ಬ್ಯಾಗನ್ನು ಯಾವ ಅಧಿಕಾರಿ ತಪಾಸಣೆ ಮಾಡಬೇಕು?

ಈ ಸಲ ಹುರಿದ ಕಡಲೆಕಾಯಿ, ಸೀಬೆಹಣ್ಣು ಒಯ್ದೆ. ತಮ್ಮ ಮುಖ ಊದಿಸಿದ. ಸಂಜೆ ಮೊಬೈಲ್ ಕಸಿದು ಶಟಲ್ ಬ್ಯಾಟ್ ಕೈಗಿತ್ತೆ. ಹತ್ತು ನಿಮಿಷಕ್ಕೆ ಇಬ್ಬರೂ ಏದುಸಿರು ಬಿಟ್ಟೆವು. ಹಾಸ್ಟೆಲ್ ಊಟ ನನ್ನನ್ನೇನು ಬಿಟ್ಟಿರಲಿಲ್ಲ! ಮತ್ತೊಂದು ಬದಲಾವಣೆಯನ್ನೂ ಮಾಡಿಕೊಂಡಿದ್ದೇನೆ. ಅವನನ್ನು ‘ಗುಂಡಣ್ಣ’ ಎಂದು ಕರೆಯುವುದನ್ನು ಬಿಟ್ಟಿದ್ದೇನೆ. ತಪ್ಪು ನನ್ನ ಬ್ಯಾಗಿನದು, ಅವನದಲ್ಲ.