ಹಳೆ ಹೆಸರಿಗೆ ಓಗೊಟ್ಟ ನಕ್ಷೆ

2008ರ ಆಸುಪಾಸಿನಲ್ಲಿ ಕಟ್ಟಿ, ಆಮೇಲೆ ಯಾರೂ ಕೈಹಚ್ಚದ ಜಾಲತಾಣವೊಂದರ ‘ಸಂಪರ್ಕಿಸಿ’ ಪುಟದ ಸೋರ್ಸ್ ಕೋಡ್ ತೆರೆದು ನೋಡಿ. ‘ಜಿಮ್ಯಾಪ್2’, ‘ಜಿಮಾರ್ಕರ್’ ಎಂಬ ಹೆಸರುಗಳು ಸಿಕ್ಕರೆ ಅದು ಗೂಗಲ್ ನಕ್ಷೆಯ ಎರಡನೇ ಆವೃತ್ತಿಯ ಕಾಲದ್ದು. ಪಕ್ಕದಲ್ಲೇ 12.97, 77.59 ಎಂದು ಬರೆದಿದ್ದರೆ ಅಂಗಡಿ ಬೆಂಗಳೂರಿನದು. ಆ ಅಂಕಿಗಳು ಇವತ್ತಿಗೂ ಸರಿ. ಅಂಗಡಿಯೂ ಅಲ್ಲೇ ಇರಬಹುದು. ನಕ್ಷೆ ಇರಬೇಕಾದಲ್ಲಿ ಮಾತ್ರ ಖಾಲಿ ಚೌಕ.

ಗೂಗಲ್ ಮ್ಯಾಪ್ಸ್ ಶುರುವಾದದ್ದು 2005ರ ಫೆಬ್ರುವರಿಯಲ್ಲಿ. ಬೇರೆಯವರ ಬಳಕೆಗೆ ಅದು ಇನ್ನೂ ಬಾಗಿಲು ತೆರೆದಿರಲಿಲ್ಲ. ಪಾಲ್ ರೇಡ್‌ಮಾಕರ್ ಎಂಬ ಪ್ರೋಗ್ರಾಮರ್ ಕಾಯದೆ ಒಳಹೊಕ್ಕು, ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ತಾಣದ ಬಾಡಿಗೆ ಮನೆಗಳನ್ನು ನಕ್ಷೆಯ ಮೇಲೆ ಚುಚ್ಚಿ ‘ಹೌಸಿಂಗ್‌ಮ್ಯಾಪ್ಸ್’ ಮಾಡಿಬಿಟ್ಟರು. ಬೇರೆ ತಾಣಗಳ ಕೋಡು ನಕ್ಷೆಯನ್ನು ಕರೆದು ಬಳಸುವ ಅಧಿಕೃತ ದಾರಿ, ಅಂದರೆ ಎಪಿಐ, ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಎರಡನೇ ಆವೃತ್ತಿ 2006ರಲ್ಲಿ, ಮೊಬೈಲನ್ನು ಗಮನದಲ್ಲಿಟ್ಟು ಹೊಸದಾಗಿ ಬರೆದ ಮೂರನೆಯದು 2009ರಲ್ಲಿ. ಮರುವರ್ಷ ಮೇ ತಿಂಗಳಲ್ಲೇ ಎರಡನೆಯದಕ್ಕೆ ‘ಡೆಪ್ರಿಕೇಟೆಡ್’ ಎಂಬ ಮುದ್ರೆ ಬಿತ್ತು. ಸದ್ಯಕ್ಕಿದೆ, ನೆಚ್ಚಿಕೊಳ್ಳಬೇಡಿ ಎಂದರ್ಥ. ಮೂರು ವರ್ಷದ ಗಡುವು, ಮೇಲೆ ಇನ್ನಾರು ತಿಂಗಳು: 2013ರ ನವೆಂಬರ್ 19.

ಮೂರನೇ ಆವೃತ್ತಿಗೆ ಹೋಗಲು ಕೋಡಿನಲ್ಲಿ ಹೆಸರು ಬದಲಿಸಿದರೆ ಮುಗಿಯಿತು ಎಂದುಕೊಂಡವರು ಎಡವಿದ್ದು ಸಣ್ಣ ಜಾಗದಲ್ಲಿ. ಗುಂಡುಪಿನ್ನು ಒತ್ತಿದಾಗ ವಿಳಾಸ ತೋರಿಸುವ ಬಿಳಿ ಗುಳ್ಳೆಯನ್ನೇ ತೆಗೆದುಕೊಳ್ಳಿ. ಎರಡನೇ ಆವೃತ್ತಿಯಲ್ಲಿ ಒಂದು ನಕ್ಷೆಗೆ ಒಂದೇ ಗುಳ್ಳೆ. ಹೊಸದು ತೆರೆದರೆ ಹಳೆಯದು ತಾನೇ ಮುಚ್ಚುತ್ತಿತ್ತು. ಮೂರನೆಯದರಲ್ಲಿ ಎಷ್ಟು ಬೇಕಾದರೂ ತೆರೆಯಬಹುದು, ಮುಚ್ಚುವುದು ನಿಮ್ಮ ತಲೆನೋವು. ಒಂದಕ್ಕೊಂದು ಹೆಸರು ಬದಲಿಸಿದ ಕೋಡು ಎಲ್ಲೂ ತಪ್ಪು ಎನ್ನದೆ ಓಡುತ್ತದೆ. ಹತ್ತು ಪಿನ್ನು ಒತ್ತಿದರೆ ಹತ್ತು ಗುಳ್ಳೆ ಎದ್ದು ಊರೇ ಮುಚ್ಚಿಹೋಗುತ್ತದೆ. ಹಳೆಯ ಎಪಿಐ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಚಾಕರಿ, ಅದು ಹೋದ ಮೇಲೇ ಗೊತ್ತಾಗುವುದು.

ಗಡುವು ಮುಗಿದ ದಿನ ಗೂಗಲ್ ಕತ್ತರಿ ಆಡಿಸಲಿಲ್ಲ. ಹಳೆಯದನ್ನು ಕೇಳಿದವರಿಗೆ ಮೂರನೇ ಆವೃತ್ತಿಯ ಮೇಲೆ ಹಳೆ ಹೆಸರುಗಳ ಹೊದಿಕೆ ಹಾಸಿ ಕೊಟ್ಟಿತು. ಇಂಥದ್ದಕ್ಕೆ ಪ್ರೋಗ್ರಾಮರ್‌ಗಳು ‘ವ್ರ್ಯಾಪರ್’ ಎನ್ನುತ್ತಾರೆ. ‘ಜಿಮ್ಯಾಪ್2’ ಎಂದು ಕೂಗಿದರೆ ಹೊಸಬನೇ ಓಗೊಡುತ್ತಿದ್ದ. ಸರಳ ನಕ್ಷೆಗಳಿಗೆ ಅಷ್ಟು ಸಾಕಿತ್ತು.

ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎಂದರೆ ಇದೇ. ಒಳ್ಳೆಯ ಕೆಲಸವೆಂದು ಒಪ್ಪುತ್ತಲೇ ನನಗೊಂದು ತಕರಾರಿದೆ. ನಕ್ಷೆ ಕಾಣುತ್ತಿರುವವರೆಗೆ ಅಂಗಡಿಯವರಿಗೆ ಏನೂ ಆಗಿಲ್ಲ. ತಾಣ ಕಟ್ಟಿಕೊಟ್ಟ ಹುಡುಗ ಅಷ್ಟರಲ್ಲಿ ಕೆಲಸ ಬದಲಿಸಿ, ಫೋನ್ ನಂಬರನ್ನೂ ಬದಲಿಸಿರುತ್ತಾನೆ. ಹೀಗೆ ಏಳೂವರೆ ವರ್ಷ ಸರಿದು, 2021ರ ಮೇ 26ರಂದು ಹೊದಿಕೆಯನ್ನೂ ಎಳೆದಾಗ ಎಷ್ಟು ಮಂದಿಗೆ ಅದು ನಿನ್ನೆ ಮೊನ್ನೆ ಕೆಟ್ಟಂತೆ ಕಂಡಿತೋ! ನೋಟಿಸು ಹೊರಟು ಹನ್ನೊಂದು ವರ್ಷವಾಗಿತ್ತು.

ಮೂರಕ್ಕೆ ಶ್ರದ್ಧೆಯಿಂದ ಬದಲಾದವರೂ ನೆಮ್ಮದಿಯಾಗಿರಲಿಲ್ಲ. ಮೊದಲು ಅದಕ್ಕೆ ಕೀ, ಅಂದರೆ ಬಳಸುವವರು ಯಾರೆಂದು ಗೂಗಲ್‌ಗೆ ಹೇಳುವ ಗುರುತಿನ ಸಂಕೇತ ಕೂಡ ಬೇಕಿರಲಿಲ್ಲ. 2016ರಲ್ಲಿ ಹೊಸ ತಾಣಗಳಿಗೆ ಕೀ ಕಡ್ಡಾಯವಾಯಿತು, 2018ರ ಜುಲೈಯಿಂದ ಬಿಲ್ಲಿಂಗ್ ಖಾತೆಯೂ ಬೇಕಾಯಿತು. ಅದಿಲ್ಲದ ನಕ್ಷೆಗಳು ಮಂಕಾಗಿ, ಮೈತುಂಬ ‘ಅಭಿವೃದ್ಧಿ ಉದ್ದೇಶಕ್ಕೆ ಮಾತ್ರ’ ಎಂಬರ್ಥದ ಇಂಗ್ಲಿಷ್ ಮುದ್ರೆ ಹೊತ್ತು ನಿಂತವು. ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಇದಕ್ಕೆ ಯಾವ ವ್ರ್ಯಾಪರ್ ಹೊದಿಸುವುದು?

ಈಗಿನ ಸರದಿ ಪಿನ್ನಿನದೇ. 2024ರ ಫೆಬ್ರುವರಿ 21ರಿಂದ ಮೂರನೇ ಆವೃತ್ತಿಯ ಮಾಮೂಲಿ ‘ಮಾರ್ಕರ್’ ಕೂಡ ಡೆಪ್ರಿಕೇಟೆಡ್. ಆಗ ಗೂಗಲ್ ಅದನ್ನು ನಿಲ್ಲಿಸುವ ದಿನ ಗೊತ್ತುಮಾಡಲಿಲ್ಲ, ನಿಲ್ಲಿಸುವುದಾದರೆ ಕನಿಷ್ಠ 12 ತಿಂಗಳು ಮೊದಲೇ ತಿಳಿಸುವುದಾಗಿ ಹೇಳಿತು. ಆ ಮಾತು ಬ್ರೌಸರ್‌ನ ಕನ್ಸೋಲ್‌ನಲ್ಲಿ ಎಚ್ಚರಿಕೆಯ ಸಾಲಾಗಿ ಬಂದು ಕೂರುತ್ತದೆ. ಕನ್ಸೋಲ್ ತೆರೆಯಲು ಎಫ್12 ಒತ್ತಬೇಕು.