ಜಾಲ ಬ್ಯಾನರ್ ಅನಿಮೇಷನ್‌ನ ಕಡತ ಸ್ವರೂಪಗಳು

ಜಾಲ ಬ್ಯಾನರ್ ಅನಿಮೇಷನ್ ಎಂದರೆ ಜಾಲತಾಣದ ಪುಟದಲ್ಲಿ ಜಾಹೀರಾತು ಅಥವಾ ಪ್ರಕಟಣೆಗೆ ಮೀಸಲಾದ ಜಾಗದಲ್ಲಿ ಕಾಣಿಸುವ ಚಲಿಸುವ ಚಿತ್ರ. ವಿನ್ಯಾಸ ತಂತ್ರಾಂಶದಲ್ಲಿ ಸಿದ್ಧವಾದ ಅನಿಮೇಷನ್ ಅನ್ನು ಬ್ರೌಸರ್ ತೋರಿಸಬಲ್ಲ ಕಡತವಾಗಿ ಮಾರ್ಪಡಿಸುವುದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ಈ ಹಂತದಲ್ಲಿ ಆಯ್ದುಕೊಂಡ ಕಡತ ಸ್ವರೂಪವು ಚಿತ್ರದ ಬಣ್ಣ, ಕಡತದ ಗಾತ್ರ ಮತ್ತು ಅಕ್ಷರಗಳ ಸ್ಪಷ್ಟತೆಯನ್ನು ನಿರ್ಧರಿಸುತ್ತದೆ. ಬ್ಯಾನರ್ ಎಷ್ಟು ಕಾಲ ಬಳಕೆಯಲ್ಲಿ ಉಳಿಯುವುದೆಂಬುದೂ ಅದನ್ನೇ ಅವಲಂಬಿಸಿದೆ.

ಇತಿಹಾಸ

ಜಿಐಎಫ್ ಸ್ವರೂಪವನ್ನು 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಸಂಸ್ಥೆ ಹೊರತಂದಿತು. 1989ರ ಪರಿಷ್ಕರಣೆಯಲ್ಲಿ ಪಾರದರ್ಶಕತೆ ಮತ್ತು ಚೌಕಟ್ಟುಗಳ ನಡುವಿನ ಕಾಲಾವಧಿಯನ್ನು ಸೂಚಿಸುವ ಸೌಲಭ್ಯಗಳು ಸೇರಿದವು. ನೆಟ್‌ಸ್ಕೇಪ್ ಬ್ರೌಸರಿನ 2.0 ಆವೃತ್ತಿಯು ಅನಿಮೇಷನ್ ಮರಳಿ ಮರಳಿ ಓಡುವಂತೆ ಮಾಡಿತು. ಅನಂತರ ಬಂದ ಫ್ಲ್ಯಾಶ್ ಬ್ಯಾನರ್ ತಯಾರಿಕೆಯಲ್ಲಿ ಬಹುಕಾಲ ಪ್ರಧಾನ ಸ್ಥಾನ ಪಡೆದಿತ್ತು. ಆದರೆ ಅದಕ್ಕೆ ಪ್ರತ್ಯೇಕ ಪ್ಲಗಿನ್ ಅಗತ್ಯವಾಗಿತ್ತು. ಐಫೋನ್ ಅದನ್ನು ಎಂದೂ ಬೆಂಬಲಿಸಲಿಲ್ಲ. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆ ಫ್ಲ್ಯಾಶ್ ಪ್ಲೇಯರಿನ ಬೆಂಬಲವನ್ನು ನಿಲ್ಲಿಸಿತು. ಮೂಲ ವಿನ್ಯಾಸ ಕಡತವಿದ್ದ ಬ್ಯಾನರುಗಳನ್ನು ಬೇರೆ ಸ್ವರೂಪದಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಲು ಸಾಧ್ಯವಾಯಿತು. ಎಸ್‌ಡಬ್ಲ್ಯುಎಫ್ ಕಡತವಾಗಿ ಮಾತ್ರ ಉಳಿದಿದ್ದವು ಸಾಮಾನ್ಯ ಬ್ರೌಸರುಗಳಲ್ಲಿ ಕಾಣದಂತಾದವು.

ಪ್ರಮುಖ ಸ್ವರೂಪಗಳು

* ಜಿಐಎಫ್: ಒಂದು ಚೌಕಟ್ಟಿನ ವರ್ಣಪಟ್ಟಿಯಲ್ಲಿ ಗರಿಷ್ಠ 256 ಬಣ್ಣಗಳಿರುತ್ತವೆ. ಲಾಂಛನ, ಗೆರೆಚಿತ್ರ ಮತ್ತು ಸಮತಟ್ಟಾದ ಬಣ್ಣಗಳಿಗೆ ಸೂಕ್ತ. ಛಾಯಾಚಿತ್ರಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಅರೆಪಾರದರ್ಶಕತೆ ಇಲ್ಲದಿರುವುದರಿಂದ ಅಂಚುಗಳು ಒರಟಾಗಬಹುದು.
* ಎಪಿಎನ್‌ಜಿ ಮತ್ತು ವೆಬ್‌ಪಿ: 24 ಬಿಟ್ ಬಣ್ಣ ಹಾಗೂ ಅರೆಪಾರದರ್ಶಕತೆ ಇವುಗಳ ಅನುಕೂಲ. ಇಂದಿನ ಪ್ರಮುಖ ಬ್ರೌಸರುಗಳು ಇವನ್ನು ತೋರಿಸುತ್ತವೆಯಾದರೂ ಎಲ್ಲ ಜಾಹೀರಾತು ಸೇವೆಗಳೂ ಸ್ವೀಕರಿಸುವುದಿಲ್ಲ.
* ಎಚ್‌ಟಿಎಂಎಲ್5: ಇದು ಒಂದೇ ಚಿತ್ರವಲ್ಲ, ಪುಟ, ಶೈಲಿ, ಆಜ್ಞೆ ಮತ್ತು ಚಿತ್ರಗಳ ಕಡತಗಳ ಗುಚ್ಛ. ಗುಂಡಿ ಒತ್ತುವಂತಹ ಕ್ರಿಯೆಗಳಿಗೆ ಅವಕಾಶವಿದೆ. ಪಠ್ಯವನ್ನು ಪಠ್ಯವಾಗಿಯೇ ಉಳಿಸಿದರೆ ಎಲ್ಲ ಪರದೆಗಳಲ್ಲೂ ಅದು ಸ್ಪಷ್ಟವಾಗಿರುತ್ತದೆ.
* ಎಂಪಿ4: ಛಾಯಾಚಿತ್ರದಂತಹ ದೃಶ್ಯಗಳಿಗೆ ಜಿಐಎಫ್‌ಗಿಂತ ಸಾಮಾನ್ಯವಾಗಿ ಬಹಳ ಚಿಕ್ಕ ಕಡತ ಸಾಕಾಗುತ್ತದೆ.

ಆಯ್ಕೆಯ ಮಾನದಂಡಗಳು

ಬ್ಯಾನರ್ ಪ್ರಕಟವಾಗುವ ತಾಣದ ನಿಯಮವನ್ನು ಮೊದಲು ನೋಡಬೇಕು. ಉದಾಹರಣೆಗೆ, ಗೂಗಲ್ ಆ್ಯಡ್ಸ್‌ನ ಚಿತ್ರ ಜಾಹೀರಾತುಗಳಲ್ಲಿ ಜಿಐಎಫ್ ಅನಿಮೇಷನ್ 30 ಸೆಕೆಂಡುಗಳೊಳಗೆ ನಿಲ್ಲಬೇಕು ಮತ್ತು ಸೆಕೆಂಡಿಗೆ 5 ಚೌಕಟ್ಟುಗಳಿಗಿಂತ ನಿಧಾನವಾಗಿರಬೇಕು. ಸೆಕೆಂಡಿಗೆ 4ರಂತೆ 10 ಸೆಕೆಂಡು ಓಡುವ ಬ್ಯಾನರಿನಲ್ಲಿ 40 ಚೌಕಟ್ಟುಗಳಿರುತ್ತವೆ. ಕಡತದ ಗಾತ್ರದ ಮಿತಿ 150 ಕೆಬಿ ಆಗಿದ್ದರೆ ಒಂದೊಂದಕ್ಕೆ ಸರಾಸರಿ ದೊರೆಯುವುದು 4 ಕೆಬಿಗಿಂತಲೂ ಕಡಿಮೆ. ಈ ಮಿತಿಯಲ್ಲಿ ಸರಳ ರೇಖಾಚಿತ್ರ ಹಿಡಿಸುತ್ತದೆ, ಪ್ರತಿ ಚೌಕಟ್ಟಿನಲ್ಲೂ ಬದಲಾಗುವ ಛಾಯಾಚಿತ್ರ ಹಿಡಿಸದು. ಔಟ್‌ಲುಕ್‌ನ ಕೆಲವು ಹಳೆಯ ಆವೃತ್ತಿಗಳು ಜಿಐಎಫ್‌ನ ಮೊದಲ ಚೌಕಟ್ಟನ್ನು ಮಾತ್ರ ತೋರಿಸುತ್ತವೆ. ಆದುದರಿಂದ ಇಮೇಲ್ ಬ್ಯಾನರಿನ ಮುಖ್ಯ ಸಂದೇಶ ಮೊದಲ ಚೌಕಟ್ಟಿನಲ್ಲಿಯೇ ಇರುವುದು ಒಳಿತು.

ಕನ್ನಡ ಪಠ್ಯ

ಚಿತ್ರ ಸ್ವರೂಪಗಳಲ್ಲಿ ಅಕ್ಷರಗಳು ಪಿಕ್ಸೆಲ್‌ಗಳಾಗುತ್ತವೆ. ಚಿಕ್ಕ ಗಾತ್ರದಲ್ಲಿ ಮೊದಲು ಅಸ್ಪಷ್ಟವಾಗುವುದು ಒತ್ತಕ್ಷರಗಳು. ಪರದೆವಾಚಕ ತಂತ್ರಾಂಶ ಇಂತಹ ಪಠ್ಯವನ್ನು ಓದಲಾರದು. ಆದುದರಿಂದ ಪರ್ಯಾಯ ಪಠ್ಯವನ್ನು ಬೇರೆಯಾಗಿ ನೀಡಬೇಕು. ಎಚ್‌ಟಿಎಂಎಲ್5ರಲ್ಲಿ ಈ ತೊಡಕಿಲ್ಲ. ಆದರೆ ಅಲ್ಲಿ ಪಠ್ಯ ಯೂನಿಕೋಡ್‌ನಲ್ಲಿರುವುದು ಅವಶ್ಯ. ಹಳೆಯ ಸಂಕೇತ ಪದ್ಧತಿಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ್ದು, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ.

ಓದುಗರ ಹಿತ

ಜಾಲ ವಿಷಯದ ಸುಲಭಲಭ್ಯತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಪ್ರಕಾರ, ತಾನಾಗಿ ಆರಂಭವಾಗಿ ಇತರ ವಿಷಯದ ಜೊತೆಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವ ವಿಷಯವನ್ನು ನಿಲ್ಲಿಸುವ ಅವಕಾಶ ಓದುಗರಿಗಿರಬೇಕು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಪ್ರಖರವಾಗಿ ಮಿನುಗುವ ಚಿತ್ರಗಳು ಕೆಲವರಲ್ಲಿ ಅಪಸ್ಮಾರದ ಸೆಳೆತವನ್ನು ಉಂಟುಮಾಡಬಲ್ಲವು. ಎಚ್‌ಟಿಎಂಎಲ್5ರಲ್ಲಿ ವಿರಾಮದ ಗುಂಡಿಯನ್ನು ಸೇರಿಸಬಹುದು. ಜಿಐಎಫ್‌ನಲ್ಲಿ ಅದು ಸಾಧ್ಯವಿಲ್ಲದ ಕಾರಣ, ಆವರ್ತನೆಯನ್ನು ಮಿತಗೊಳಿಸಿ 5 ಸೆಕೆಂಡುಗಳೊಳಗೆ ಚಲನೆ ನಿಲ್ಲುವಂತೆ ಎಕ್ಸ್‌ಪೋರ್ಟ್ ಮಾಡುವುದು ಸರಳ ಮಾರ್ಗ.